ತಿಮಿಂಗಿಲ ಎಣಿಸಲು ಬರುವಿರಾ?

ಮಾನ್ಯರೇ,

ನಿವೃತ್ತಿಯ ನಂತರ ಲಾಸ್ ಏಂಜಲೀಸಿನ ಮಗನ ಮನೆ ಸೇರಿರುವ ತಾವು, ಕಡಲ ಸಸ್ತನಿಗಳ ಸಂಶೋಧನೆಗೆ ಸ್ವಯಂಸೇವಕರಾಗಲು ಜೀವಶಾಸ್ತ್ರದ ಪದವಿ ಬೇಕೇ, ಅರವತ್ತೇಳರ ವಯಸ್ಸು ಅಡ್ಡಿಯಾಗುವುದೇ, ಹಡಗಿನ ಯಾತ್ರೆಗೆ ಸಾವಿರಾರು ಡಾಲರ್ ಕಟ್ಟಬೇಕೇ ಎಂದು ಕೇಳಿದ್ದೀರಿ. ಮೂರಕ್ಕೂ ನನ್ನ ಉತ್ತರ ಇಲ್ಲವೆಂದೇ. ಇಪ್ಪತ್ತೆಂಟು ವರ್ಷ ಇಲ್ಲಿ ಲೆಕ್ಕಪತ್ರ ಬರೆದ ನಾನು ನಿವೃತ್ತನಾದ ಚಳಿಗಾಲದಲ್ಲಿಯೇ ದಡದಿಂದ ತಿಮಿಂಗಿಲ ಎಣಿಸುವ ಕೆಲಸಕ್ಕೆ ಸೇರಿದೆ. ಎಣಿಸುವ ಚಟ ಬಿಡಲಿಲ್ಲವೆಂದು ಮನೆಯಲ್ಲಿ ನಗುತ್ತಾರೆ.

ಲಾಸ್ ಏಂಜಲೀಸಿನ ಕರಾವಳಿಯ ಪಾಲೋಸ್ ವರ್ಡೀಸ್ ಬಳಿ, ದೀಪಸ್ತಂಭಕ್ಕೆ ಹೆಸರಾದ ಪಾಯಿಂಟ್ ವಿಸೆಂಟೆ ಎಂಬ ಕಡಿದಾದ ಬಂಡೆಯಂಚು ಇದೆ. ತಿಮಿಂಗಿಲ, ಡಾಲ್ಫಿನ್‌ಗಳ ರಕ್ಷಣೆಗಾಗಿ ಇರುವ ಅಮೆರಿಕನ್ ಸಿಟೇಶಿಯನ್ ಸೊಸೈಟಿ ಎಂಬ ಸಂಸ್ಥೆಯ ಸ್ಥಳೀಯ ಶಾಖೆಯ ಸ್ವಯಂಸೇವಕರು 1984ರಿಂದಲೂ ಡಿಸೆಂಬರ್ ಮೊದಲಿನಿಂದ ಮೇವರೆಗೆ, ಬೆಳಗಾದಾಗಿನಿಂದ ಕತ್ತಲಾಗುವವರೆಗೆ, ಅಲ್ಲಿ ಕುಳಿತು ಬೂದು ತಿಮಿಂಗಿಲಗಳನ್ನು ಎಣಿಸುತ್ತಾ ಬಂದಿದ್ದಾರೆ. ಆರ್ಕ್ಟಿಕ್ ಪ್ರದೇಶದ ಕಡಲುಗಳಲ್ಲಿ ಬೇಸಿಗೆ ಕಳೆದ ಇವು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಹಿನ್ನೀರುಗಳಲ್ಲಿ ಮರಿ ಹಾಕಲು ಇದೇ ದಾರಿಯಾಗಿ ಬರುತ್ತವೆ. ಜನವರಿಯಲ್ಲಿ ದಕ್ಷಿಣದ ಕಡೆಗೆ ಹೋಗುವವು ಹೆಚ್ಚು. ಮಾರ್ಚ್‌ನಲ್ಲಿ ಮರಳುವವು ಹೆಚ್ಚು. ಮರಿಯೊಂದಿಗಿನ ತಾಯಂದಿರು ಎಲ್ಲರಿಗಿಂತ ಕೊನೆಗೆ, ಏಪ್ರಿಲ್–ಮೇ ವೇಳೆಗೆ, ದಡಕ್ಕೆ ತೀರ ಹತ್ತಿರದಲ್ಲಿ ಸಾಗುತ್ತಾರೆ.

ಮೊದಲು ಕಲಿಯಬೇಕಾದದ್ದು ಉಸಿರನ್ನು ಗುರುತಿಸುವುದು. ಬೂದು ತಿಮಿಂಗಿಲದ ಬೆನ್ನಿನ ಮೇಲೆ ಈಜುರೆಕ್ಕೆ ಇರುವುದಿಲ್ಲ, ಸಣ್ಣ ಉಬ್ಬುಗಳ ಸಾಲಷ್ಟೇ; ಅದು ಬಿಡುವ ಉಸಿರು ಗಾಳಿಯಿಲ್ಲದ ದಿನ ಹೃದಯದ ಆಕಾರದಲ್ಲಿ ಕಾಣುತ್ತದೆ. ಮೂರರಿಂದ ಐದು ಸಲ ಉಸಿರು ಬಿಟ್ಟು, ಬಾಲವೆತ್ತಿ ಮುಳುಗಿದರೆ ಮತ್ತೆ ಮೂರರಿಂದ ಐದು ನಿಮಿಷ ಕಾಣುವುದಿಲ್ಲ. ಆದ್ದರಿಂದ ಅದು ಎಲ್ಲಿ ಮೇಲೇಳಬಹುದೆಂದು ಅಂದಾಜಿಸಿ ಕಾಯದಿದ್ದರೆ ಒಂದೇ ಪ್ರಾಣಿಯನ್ನು ಎರಡು ಬಾರಿ ಬರೆದುಬಿಡುವ ಅಪಾಯವಿದೆ. ಮೊದಲ ವಾರ ನಾನು ನೊರೆಯ ಅಲೆಯನ್ನು ಕಂಡು ‘ಉಸಿರು!’ ಎಂದು ಕೂಗಿದ್ದೇನೆ. ಯಾರೂ ನಗಲಿಲ್ಲ, ಮೇಲ್ವಿಚಾರಕಿ ಇನ್ನೂ ಎರಡು ನಿಮಿಷ ನೋಡಿ ಎಂದರು, ಅಷ್ಟೇ. ನಮ್ಮ ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ತಮಗಿರುವ ಸಂಕೋಚವನ್ನೂ ಬಿಡಿ. ಅಲ್ಲಿ ದಿಕ್ಕು, ದೂರ, ಸಮಯ ಇಷ್ಟನ್ನೇ ಹೇಳುವುದು.

ಇದು ಎಲ್ಲ ಬೂದು ತಿಮಿಂಗಿಲಗಳ ಗಣತಿಯೆಂದು ಮಾತ್ರ ತಿಳಿಯಬೇಡಿ. ಹಲವು ತಿಮಿಂಗಿಲಗಳು ದೂರದ ದ್ವೀಪಗಳ ಆಚೆಯಿಂದ ಹೋಗುತ್ತವೆ. ಒಟ್ಟು ಅಂದಾಜು ಮಾಂಟೆರೆ ಬಳಿಯ ಗ್ರಾನೈಟ್ ಕ್ಯಾನಿಯನ್‌ನಲ್ಲಿ ಸರ್ಕಾರಿ ವಿಜ್ಞಾನಿಗಳು ಮಾಡುವ ಎಣಿಕೆಯಿಂದ ಬರುತ್ತದೆ. ಅದರ ಪ್ರಕಾರ 2016ರಲ್ಲಿ ಸುಮಾರು 27,000 ಇದ್ದವು 2025ರ ವೇಳೆಗೆ ಸುಮಾರು 13,000ಕ್ಕೆ ಇಳಿದಿವೆ. ಆರ್ಕ್ಟಿಕ್‌ನ ತಳದ ಕೆಸರಿನಲ್ಲಿ ಸಿಗುವ ಸಣ್ಣ ಜೀವಿಗಳ ಆಹಾರ ಕುಗ್ಗಿದ್ದು ಮುಖ್ಯ ಕಾರಣವೆಂದು ಪರಿಗಣಿಸಲಾಗಿದೆ. ನಮ್ಮದು ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದ ದಿನಚರಿ. ಹಾಗಾಗಿ ನಾಲ್ಕು ಗಂಟೆ ಕಾದು ಒಂದೂ ಕಾಣದಿದ್ದರೂ ಸೊನ್ನೆಯನ್ನು ಬರೆಯಲೇಬೇಕು, ಮತ್ತು ಹಿಂದಿನ ಪಾಳಿಯವರು ಕಂಡದ್ದನ್ನು ನಾವು ಕಂಡಂತೆ ಸೇರಿಸಬಾರದು. ಹಳೆಯ ಲೆಕ್ಕಿಗನಿಗೆ ಇದು ಹಿಡಿಸಿತು.

ಅಮೆರಿಕದಲ್ಲಿ ಕಾಯಂ ವಾಸಕ್ಕೆ ಕೊಡುವ ಗ್ರೀನ್ ಕಾರ್ಡ್ ಇರುವುದರಿಂದ ತಮಗೆ ಕಾನೂನಿನ ತೊಡಕಿಲ್ಲ. ತಮ್ಮ ಸೋದರಿಯಂತೆ ಸಂದರ್ಶಕ ವೀಸಾದ ಮೇಲೆ ಬರುವವರು ಮಾತ್ರ ತಿಳಿದವರನ್ನು ವಿಚಾರಿಸದೆ ಒಪ್ಪಿಕೊಳ್ಳಬಾರದು. ಹಣ ಕಟ್ಟಿ ಹೋಗುವ ಸಂಶೋಧನಾ ಯಾತ್ರೆಗಳನ್ನು ನಾನು ಹಳಿಯುವುದಿಲ್ಲ, ಆದರೆ ತಲೆಸುತ್ತು ಬರುವವರು ಹಾಗೂ ಮೊಣಕಾಲು ನೋವಿನವರು ದಡದಿಂದಲೇ ಆರಂಭಿಸುವುದು ಲೇಸು.

ದುರ್ಬೀನನ್ನು ಕೊಳ್ಳುವ ಅವಸರ ಬೇಡ, ಅಲ್ಲಿರುವುದನ್ನು ಹಿಡಿದು ನೋಡಿ ನಿರ್ಧರಿಸಿ. ಗಾಳಿ ತಡೆಯುವ ಮೇಲಂಗಿ ಮಾತ್ರ ಬೇಕೇ ಬೇಕು. ಕ್ಯಾಲಿಫೋರ್ನಿಯಾದ ಬಿಸಿಲನ್ನು ನಂಬಿ ಬಂದವರು ಜನವರಿಯ ಬೆಳಗಿನಲ್ಲಿ ನಡುಗಿದ್ದನ್ನು ನೋಡಿದ್ದೇನೆ. ಜನವರಿಯ ಯಾವುದಾದರೂ ಶನಿವಾರ ನನ್ನ ಪಾಳಿಗೆ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡಿ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿಯನ್ನೂ ಒಂದು ಹೆಚ್ಚುವರಿ ಉಣ್ಣೆಯ ಟೋಪಿಯನ್ನೂ ತರುತ್ತೇನೆ.