ಒಂದೇ ಎರಕ: ಬಿಲ್ಲೆಯಲ್ಲಿ ಕರೆಂಟಿಲ್ಲ, ಹಾಳೆಯಲ್ಲಿ ಉಂಟು

ಪ್ರಶ್ನೆ: ಎಪಾಕ್ಸಿಗೆ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟು) 50 ಮೈಕ್ರಾನ್, ಅಂದರೆ 0.05 ಮಿ.ಮೀ. ಕಣದ ಗ್ರಾಫೈಟ್ ಪುಡಿ ಕಲಸಿ 10 ಮಿ.ಮೀ. ದಪ್ಪದ ಬಿಲ್ಲೆ ಹೊಯ್ದೆ. ಮೇಲಿಂದ ಕೆಳಕ್ಕೆ ಅಳೆದರೆ ಕರೆಂಟೇ ಹರಿಯಲಿಲ್ಲ. ಅದನ್ನೇ ಅಡ್ಡಕ್ಕೆ 1 ಮಿ.ಮೀ. ಹಾಳೆಗಳಾಗಿ ಕೊಯ್ದಾಗ ಕೆಲವು ಹರಿಸಿದವು, ಕೆಲವು ಇಲ್ಲ. ಯಾಕೆ ಹೀಗೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲು ಒಂದು ಪರೀಕ್ಷೆ ಮಾಡಿ. ಹಾಳೆಗಳಿಗೆ ತಳದಿಂದ ಮೇಲಕ್ಕೆ ನಂಬರ್ ಹಾಕಿ. ಕರೆಂಟು ಹರಿಸುವವೆಲ್ಲ ತಳದವೇ ಆಗಿದ್ದರೆ ಗ್ರಾಫೈಟ್ ಕೆಳಗೆ ಕೂತಿದೆ ಎಂದರ್ಥ. ಎಪಾಕ್ಸಿಯ ಸಾಂದ್ರತೆ ಸುಮಾರು 1.15, ಗ್ರಾಫೈಟಿನದು 2.2, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿಯಲ್ಲಿ ಪುಡಿ ಇಳಿದೇ ಇಳಿಯುತ್ತದೆ. ಮಿಶ್ರಣ ದಪ್ಪಗಾಗುತ್ತಾ ಬಂದ ಮೇಲೆ ಅಚ್ಚಿಗೆ ಸುರಿಯಿರಿ.

ಹರಿಸುವ ಹಾಳೆಗಳು ಅಲ್ಲೊಂದು ಇಲ್ಲೊಂದು ಇದ್ದರೆ ವಿಷಯ ಬೇರೆ, ನಿಜಕ್ಕೂ ಸೊಗಸಾದದ್ದು. ಕರೆಂಟು ಹರಿಯಲು ಕಣಕ್ಕೆ ಕಣ ತಾಗಿ ಈ ಮುಖದಿಂದ ಆ ಮುಖಕ್ಕೆ ದಾರಿಯಾಗಬೇಕು. ಹಳ್ಳಕ್ಕೆ ಕಂಡಕಂಡಲ್ಲಿ ಕಲ್ಲು ಎಸೆದಿದ್ದೀರೆನ್ನಿ. ನಾಲ್ಕು ಅಡಿಯ ಹಳ್ಳವನ್ನು ಕಾಲು ಒದ್ದೆಯಾಗದೆ ದಾಟಬಹುದು. ನಲವತ್ತು ಅಡಿಯದಾದರೆ ಎಲ್ಲೋ ಒಂದೆಡೆ ಕಲ್ಲು ಸಿಗುವುದಿಲ್ಲ.

ದುಂಡು ಕಣಗಳಿಗೆ ಈ ದಾರಿ ಹುಟ್ಟುವ ಪರ್ಕೊಲೇಶನ್ ಮಿತಿ ಗಾತ್ರದ ಲೆಕ್ಕದಲ್ಲಿ ಶೇ. 16ರ ಆಸುಪಾಸು. ಚಪ್ಪಟೆ ಚಕ್ಕೆಗಳಿಗೆ ಇನ್ನೂ ಕಡಿಮೆ ಸಾಕು. ಮಿತಿ ಹತ್ತಿರವಾದಂತೆ ಕಣಗಳ ಗೊಂಚಲು ಹಿಗ್ಗುತ್ತದೆ. ಮಿತಿ 16 ಆಗಿದ್ದು ನೀವು 14.4 ಹಾಕಿದ್ದರೆ ಗೊಂಚಲಿನ ಉದ್ದ ಸುಮಾರು 8 ಕಣ, ಅಂದರೆ 0.4 ಮಿ.ಮೀ. 15.84 ಹಾಕಿದ್ದರೆ 58 ಕಣ, 2.9 ಮಿ.ಮೀ.! ಅಂಥ ಗೊಂಚಲು 1 ಮಿ.ಮೀ. ಹಾಳೆಯನ್ನು ಸಲೀಸಾಗಿ ದಾಟುತ್ತದೆ, 10 ಮಿ.ಮೀ. ಬಿಲ್ಲೆಯ ನಡುವೆಯೇ ಮುಗಿದುಹೋಗುತ್ತದೆ. ಹಾಗಾಗಿ ಹಾಳೆಯ ಅಳತೆಯನ್ನು ವಸ್ತುವಿನ ಗುಣವೆಂದು ಬರೆದುಕೊಳ್ಳಬೇಡಿ. ತುಂಡಿನ ದಪ್ಪ ಗೊಂಚಲಿನ ಹತ್ತು ಪಟ್ಟಾದರೂ ಇರಲಿ.

ಮುಂದಿನ ಎರಕಕ್ಕೆ ಮಿತಿಯಿಂದ ದೂರ ಸರಿಯಿರಿ. ಹಾರ್ಡನರ್ ಸೇರಿ 100 ಗ್ರಾಂ ಎಪಾಕ್ಸಿಗೆ 36 ಗ್ರಾಂ ಗ್ರಾಫೈಟ್ ಹಾಕಿದರೆ ಗಾತ್ರದಲ್ಲಿ ಶೇ. 16, 48 ಗ್ರಾಂ ಹಾಕಿದರೆ ಶೇ. 20. ಬಹಳ ಜನ ತೂಕದ ಶೇಕಡಾವನ್ನೇ ಗಾತ್ರದ್ದೆಂದು ಹಿಡಿದು ಇಲ್ಲಿ ಎಡವುತ್ತಾರೆ.

ಅಳೆಯುವ ಮುಂಚೆ ಎರಡೂ ಮುಖಗಳನ್ನು 400 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ನಿಜವಾದ ಬೆಳ್ಳಿಪುಡಿ ಬೆರೆತ, ಕರೆಂಟು ಹರಿಸುವ ಪೇಂಟ್ ಬಳಿಯಿರಿ. ಅಚ್ಚಿಗೆ ತಾಗಿದ ಮುಖದ ಮೇಲೆ ಬರಿ ಎಪಾಕ್ಸಿಯ ತೆಳು ಪೊರೆ ಇರುತ್ತದೆ. ಅದೊಂದೇ ಸಾಕು, ಒಳಗೆ ದಾರಿಯಿದ್ದರೂ ಮಲ್ಟಿಮೀಟರ್ ಇಲ್ಲವೆನ್ನುತ್ತದೆ.