ಪ್ರತಿಕ್ರಿಯೆ: ಮುಖಪುಟದ ರಾತ್ರಿ ನೀಲಿ ಪ್ರಿಂಟಿನ್ಯಾಗ ನೇರಳೆ ಯಾಕಾಗತೈತಿ?

ಕಾದಂಬರಿ ಮುಖಪುಟಕ್ಕ ಬರೆದ ಡ್ರ್ಯಾಗನ್, ಕೋಟೆ ಪರದೆ ಮ್ಯಾಲೆ ಚಂದ ಇದ್ವು, ಹುಬ್ಬಳ್ಳಿ ಪ್ರೆಸ್ಸಿನಿಂದ ಬಂದಾಗ ನೀಲಿ ನೇರಳೆ ಆಗಿ, ನೆರಳೆಲ್ಲ ಮಸಿ ಆಗೇತಿ ಅಂದೀರಿ. ಪ್ರೆಸ್ಸಿನವರನ್ನ ಬೈಯೂದಕ್ಕಿಂತ ಮೊದಲು ಫೈಲ್ ತೆಗೀರಿ.

ಪ್ರಿಂಟಿನ ಬಣ್ಣ ನಾಲ್ಕು ಶಾಯಿಯಿಂದ ಆಗತೈತಿ: ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ಗುಲಾಬಿ ಕೆಂಪು), ಹಳದಿ, ಕಪ್ಪು; ಒಂದೊಂದರ ಅಳತಿ ಶೇಕಡಾದಾಗ. ನೀಲಿಯೊಳಗ ಮಜೆಂಟಾ ಸಯಾನ್‌ಗಿಂತ 30ರಷ್ಟರೆ ಕಡಿಮೆ ಇರ್ಬೇಕು. ಸಯಾನ್ 100 ಇದ್ರ ಮಜೆಂಟಾ 65 ಸಾಕು. ಎರಡೂ ಹತ್ತಿರ ಬಂದ್ರ ನೇರಳೆ ಆಗೂದ ಖರೆ. ಒಂದ ಜಾಗದಾಗ ನಾಲ್ಕೂ ಶಾಯಿಯ ಶೇಕಡಾ ಕೂಡಿಸಿ 300 ದಾಟಿದ್ರ ಲಗೂನ ಒಣಗೂದಿಲ್ಲ, ಮ್ಯಾಲಿನ ಹಾಳಿಗೆ ಹತ್ತತೈತಿ. ಕಾಗದದ ಮ್ಯಾಲೆ ಶಾಯಿಯ ಸಣ್ಣ ಚುಕ್ಕಿ ಹಿಗ್ಗತೈತಿ, ಹಿಂಗಾಗಿ 90ರಿಂದ 100ರ ನಡುವಿನ ಕಪ್ಪುಗಳು ಒಂದರೊಳಗೊಂದು ಕೂಡಿಬಿಡ್ತಾವ. ಡ್ರ್ಯಾಗನ್ ಹೊರಪೊರೆಯ ವಿವರ 85ರ ಒಳಗ ಇಡ್ರಿ. ಮುಖಪುಟಕ್ಕ ಮ್ಯಾಟ್ ಲ್ಯಾಮಿನೇಶನ್ (ಹೊಳಪಿಲ್ಲದ ಪ್ಲಾಸ್ಟಿಕ್ ಪದರ) ಇದ್ರ ಇನ್ನೂ ಸ್ವಲ್ಪ ತಿಳಿ ಮಾಡ್ರಿ.

ಪರದೆ ಬೆಳಕು ಅರ್ಧಕ್ಕ ಇಳಿಸಿ ಬಣ್ಣ ಹಚ್ಚ್ರಿ. ಚಿತ್ರ ಆರ್‌ಜಿಬಿಯೊಳಗ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಬಣ್ಣ) ಮುಗಿಸಿ, ಪ್ರೆಸ್ಸಿನ ಕಲರ್ ಪ್ರೊಫೈಲ್ (ಅವರ ಶಾಯಿ, ಕಾಗದದ ಮ್ಯಾಲೆ ಬಣ್ಣ ಹೆಂಗ ಬರತೈತಿ ಅನ್ನೂ ಫೈಲ್) ಇಸ್ಕೊಂಡು ಸಾಫ್ಟ್ ಪ್ರೂಫ್, ಅಂದ್ರ ಪ್ರಿಂಟ್ ಹೆಂಗ ಬರತೈತಿ ಅಂತ ಪರದೆ ಮ್ಯಾಲೇ, ನೋಡ್ರಿ.

ಆದ್ರ ನನ್ನ ಕೇಳಿದ್ರ, ಅರ್ಧ ರೋಗ ಮೊದಲಿನ ಕಚ್ಚಾ ಚಿತ್ರದಾಗ ಇರತೈತಿ. ಹೆಬ್ಬೆಟ್ಟಿನಷ್ಟು ಸಣ್ಣದಾಗಿ, ಕಪ್ಪು, ಬೂದಿ, ಬಿಳಿ ಮೂರ ಛಾಯೆಯೊಳಗ ಬರೀರಿ. ಅಲ್ಲೇ ಡ್ರ್ಯಾಗನ್ ಗುರುತು ಸಿಗಲಿಲ್ಲಂದ್ರ ಯಾವ ಪ್ರೊಫೈಲೂ ಉಳಿಸೂದಿಲ್ಲ. ನೀವು ಗದಗಿನವರು, ಲಕ್ಕುಂಡಿ ಬಾಜೂಕ ಐತಿ: ಬೆಳಕು-ನೆರಳು ತಿಳ್ಕೊಳ್ಳಾಕ ಕಾಶಿವಿಶ್ವೇಶ್ವರ ಗುಡಿ ಕೆತ್ತನೆಯ ಫೋಟೋ ಮುಂಜಾನೆ ಓರೆ ಬಿಸಿಲಿನ್ಯಾಗ ತೆಗೀರಿ. ನಡುಮಧ್ಯಾಹ್ನದ ಫೋಟೋದಾಗ ಕೆತ್ತನೆಯ ಆಳ ತಿಳಿಯೂದಿಲ್ಲ.

ಕಡೀಕ ಫೈಲಿನ ಅಳತಿ: ಎ5 (148×210 ಮಿ.ಮೀ.) ಪುಸ್ತಕದ ಮುಂಬದಿಗೆ ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗೂ ಹೆಚ್ಚಿನ ಅಂಚು) ಸೇರಿ 154×216 ಮಿ.ಮೀ., 300 ಡಿಪಿಐ (ಇಂಚಿಗೆ 300 ಚುಕ್ಕಿ). ಅಂದ್ರ ಸುಮಾರು 1819×2551 ಪಿಕ್ಸೆಲ್. ಬೆನ್ನಿನ ಅಗಲ ಪ್ರೆಸ್ಸಿನವರನ್ನ ಕೇಳೇ ಹಾಕ್ರಿ.