ಸಂಪಾದಕರ ಉತ್ತರ: ಕನಸು ಕಂಡವರು ಬಾಯಿಬಿಟ್ಟು ಕೇಳುವುದಿಲ್ಲ

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಇರೊಕ್ವಾ ಜನರ ನಡುಚಳಿಗಾಲದ ಹಬ್ಬವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಶಿವಮೊಗ್ಗದ ಓದುಗರೊಬ್ಬರು ಎರಡು ಪ್ರಶ್ನೆಗಳನ್ನು ಕೇಳಿದ್ದಾರೆ. ಕನಸಿನಲ್ಲಿ ಬಯಸಿದ್ದನ್ನೆಲ್ಲ ಊರವರು ಒದಗಿಸಿಕೊಡಬೇಕೆಂಬ ಕಟ್ಟಳೆಯಿದ್ದರೆ, ಆಸೆಬುರುಕರು ಸುಳ್ಳು ಕನಸು ಹೇಳಿ ನೆರೆಯವರನ್ನು ಸುಲಿಯುವುದಿಲ್ಲವೇ ಎಂಬುದು ಮೊದಲನೆಯದು. ಅವರ ಪ್ರಸಿದ್ಧ ಮರದ ಮುಖವಾಡಗಳ ಒಂದು ಚಿತ್ರವನ್ನಾದರೂ ಏಕೆ ಹಾಕಲಿಲ್ಲ ಎಂಬುದು ಎರಡನೆಯದು.

ಮಾನ್ಯರೇ, ನಿಮ್ಮ ಮೊದಲ ಅನುಮಾನಕ್ಕೆ ನಮ್ಮ ಲೇಖನವೇ ಎಡೆಮಾಡಿಕೊಟ್ಟಿತು. 'ಕನಸನ್ನು ಈಡೇರಿಸುತ್ತಾರೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆವು. ವಾಸ್ತವದಲ್ಲಿ ಕನಸು ಕಂಡವರು ತಮಗೆ ಬೇಕಾದುದನ್ನು ನೇರವಾಗಿ ಹೇಳುವುದಿಲ್ಲ. ಅದನ್ನು ಒಗಟಾಗಿ ಒಡ್ಡುತ್ತಾರೆ. ಕುಲಗಳೆಲ್ಲ ಎರಡು ಪಂಗಡಗಳಾಗಿ ಹಂಚಿಕೊಂಡಿರುವ ಆ ಸಮಾಜದಲ್ಲಿ ಒಗಟನ್ನು ಬಿಡಿಸುವ ಹೊಣೆ ಎದುರು ಪಂಗಡದವರದು. ಉತ್ತರ ಸಿಕ್ಕ ಮೇಲೆ ಕೊಡುವ ವಸ್ತುವೂ ಹಲವು ಸಲ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು: ಮರದಲ್ಲಿ ಕೆತ್ತಿದ ಪುಟ್ಟ ದೋಣಿ, ಲಕ್ರೋಸ್ ಎಂಬ ಚೆಂಡಾಟದ ಪುಟ್ಟ ಕೋಲು. ಅದನ್ನು ಪಡೆದವರು ತಮ್ಮನ್ನು ಕಾಯುವ ವಸ್ತುವೆಂದು ಜೋಪಾನ ಮಾಡುತ್ತಾರೆ. ಕನಸು ಒಂದು ಕುಣಿತವನ್ನೋ ವಾಸಿಮಾಡುವ ಆಚರಣೆಯನ್ನೋ ಕೇಳಿದ್ದರೆ, ಮುಂದೆ ನಡುಚಳಿಗಾಲದ ಹಬ್ಬದಲ್ಲಿ ಅದನ್ನು ಮತ್ತೆ ನಡೆಸಿಕೊಂಡು ಬರಬೇಕಾಗುತ್ತದೆ. ಸುಲಿಗೆಗೆ ಹೊರಟವನಿಗೆ ಇದು ಲಾಭದ ದಾರಿಯಂತೂ ಅಲ್ಲ.

ಒಗಟು ಏಕೆ? 17ನೇ ಶತಮಾನದ ನಡುವಿನಲ್ಲಿ ಹ್ಯೂರನ್ ಜನರ ನಡುವೆ ಇದ್ದ ಜೆಸ್ಯುಯಿಟ್ ಪಾದ್ರಿ ಪಾಲ್ ರಾಗನೊ ಬರೆದಿಟ್ಟ ಮಾತು ಇಲ್ಲಿ ನೆರವಿಗೆ ಬರುತ್ತದೆ. ಹ್ಯೂರನ್ನರು ಇರೊಕ್ವಾ ಬುಡಕಟ್ಟುಗಳ ಒಕ್ಕೂಟದ ಶತ್ರುಗಳಾಗಿದ್ದರೂ ಅದೇ ಭಾಷಾಕುಟುಂಬಕ್ಕೆ ಸೇರಿದವರು. ಮನುಷ್ಯನಿಗೆ ಅರಿವಿದ್ದು ಹುಟ್ಟುವ ಆಸೆಗಳಲ್ಲದೆ, ಅವನಿಗೇ ತಿಳಿಯದಂತೆ ಆತ್ಮದ ಆಳದಲ್ಲಿ ಅಡಗಿರುವ ಆಸೆಗಳೂ ಇವೆ. ಆತ್ಮ ಅವನ್ನು ಕನಸಿನ ಮೂಲಕ ತಿಳಿಸುತ್ತದೆ. ಅವು ಈಡೇರದಿದ್ದರೆ ಆತ್ಮ ಮುನಿದು ದೇಹಕ್ಕೆ ರೋಗವನ್ನೋ ಸಾವನ್ನೋ ತರುತ್ತದೆ ಎಂಬುದು ಹ್ಯೂರನ್ನರ ನಂಬಿಕೆಯಾಗಿತ್ತು. ಫ್ರಾಯ್ಡ್‌ಗಿಂತ ಸುಮಾರು ಇನ್ನೂರೈವತ್ತು ವರ್ಷ ಹಿಂದಿನ ಮಾತಿದು. ಆದರೆ ಫ್ರಾಯ್ಡ್‌ನ ರೋಗಿ ಮುಚ್ಚಿದ ಕೋಣೆಯಲ್ಲಿ ಒಬ್ಬ ವೈದ್ಯನ ಮುಂದೆ ಮಾತಾಡಿದರೆ, ಇಲ್ಲಿ ಒಬ್ಬನ ಕನಸನ್ನು ಬಿಡಿಸಲು ಊರೇ ಕೂರುತ್ತದೆ.

ಎಲ್ಲ ಕನಸುಗಳೂ ಉಡುಗೊರೆ ಬೇಡುವಂಥವಲ್ಲ ಎಂಬುದನ್ನೂ ಗಮನಿಸಿ. 1642ರಲ್ಲಿ ಹ್ಯೂರನ್ ಗಂಡಸೊಬ್ಬ, ಶತ್ರುಗಳು ತನ್ನನ್ನು ಸೆರೆಹಿಡಿದು ಸುಡುತ್ತಿರುವಂತೆ ಕನಸು ಕಂಡ. ಮುಖಂಡರು ಸಭೆ ಸೇರಿ, ಆ ಕೇಡನ್ನು ತಪ್ಪಿಸಲೇಬೇಕೆಂದು ತೀರ್ಮಾನಿಸಿದರು. ಸೆರೆಯಾಳುಗಳನ್ನು ಸುಡುತ್ತಿದ್ದ ಮನೆಯಲ್ಲೇ ಹತ್ತಾರು ಕಡೆ ಬೆಂಕಿ ಹಾಕಿ, ಅವನನ್ನು ಬೆತ್ತಲೆಯಾಗಿ ಅವುಗಳ ನಡುವೆ ಓಡಿಸಿದರು. ಗೆಳೆಯರು ಮೈಗೆ ಬೆಂಕಿ ಮುಟ್ಟಿಸುತ್ತಲೇ ಧೈರ್ಯ ಹೇಳಿದರು. ಕೊನೆಗೆ ಅವನು ಹೊರಗೆ ಹಾರಿ, ತನಗಾಗಿ ಕಾದಿರಿಸಿದ್ದ ನಾಯಿಯನ್ನು ತನ್ನ ಬದಲು ಬಲಿಯಾಗಿ ಒಪ್ಪಿಸಿದ. ಕನಸನ್ನು ಇಷ್ಟೇ ಇಷ್ಟು ನಿಜವಾಗಿಸಿ, ಉಳಿದುದು ನಿಜವಾಗದಂತೆ ತಡೆಯುವ ಉಪಾಯವದು.

ಹಬ್ಬದ ಉಳಿದ ಭಾಗವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಒಂದೊಂದು ಉದ್ದಮನೆಯ (ಊರವರು ಆಚರಣೆಗೆ ಸೇರುವ ಮನೆಯ) ಕ್ರಮ ಒಂದೊಂದು ಬಗೆ. ಕೃತ್ತಿಕಾ ನಕ್ಷತ್ರಪುಂಜ ಮುಸ್ಸಂಜೆಯಲ್ಲಿ ನೆತ್ತಿಗೆ ಬಂದ ಮೇಲಿನ ಅಮಾವಾಸ್ಯೆಯಿಂದ ದಿನ ಎಣಿಸಿ, ಜನವರಿ–ಫೆಬ್ರವರಿಯಲ್ಲಿ ಹಬ್ಬ ಹಿಡಿಯುತ್ತಾರೆ. ಮೆಕ್ಕೆಜೋಳದ ಸಿಪ್ಪೆಯ ಜಡೆ ಸುತ್ತಿಕೊಂಡು, ಒನಕೆ ಹಿಡಿದ 'ದೊಡ್ಡತಲೆ ಮಾವಂದಿರು' ಮನೆಮನೆಗೆ ಬಂದು ಹೊಸ ವರ್ಷ ಸಾರುತ್ತಾರೆ. ಒಲೆಯ ಬೂದಿಯನ್ನು ಮರದ ಹುಟ್ಟುಗಳಿಂದ ಕಲಕುತ್ತಾರೆ. ಹಿಂದೆ ಬಿಳಿ ನಾಯಿಯ ಬಲಿಯೂ ಇತ್ತು, ಈಗಿಲ್ಲ. ಇಂದಿನ ಉದ್ದಮನೆಯ ಧರ್ಮಕ್ಕೆ ರೂಪ ಕೊಟ್ಟ ಒಕ್ಕೂಟದ ಸೆನೆಕಾ ಬುಡಕಟ್ಟಿನ ಪ್ರವಾದಿ ಹ್ಯಾಂಡ್‌ಸಮ್ ಲೇಕ್ ಅವರ ಬೋಧನೆ ಹುಟ್ಟಿದ್ದೂ 1799ರಲ್ಲಿ ಕಾಯಿಲೆಬಿದ್ದು ಮಲಗಿದ್ದಾಗ ಕಂಡ ದರ್ಶನಗಳಿಂದಲೇ. ರೋಗ ವಾಸಿಮಾಡುವ ಆಚರಣೆಗಳನ್ನು ನಡೆಸುವ ವೈದ್ಯಸಂಘಗಳನ್ನು ಮುಚ್ಚಬೇಕೆಂದು ಅವರು ಹೇಳಿದರೂ ಅವು ಮುಚ್ಚಲಿಲ್ಲ.

ಇನ್ನು ಮುಖವಾಡಗಳ ವಿಷಯ. ಅವು ಆ ವೈದ್ಯಸಂಘಗಳಿಗೆ ಸೇರಿದವು. ಕಲಾಕೃತಿಗಳಲ್ಲ, ಜೀವವುಳ್ಳವು ಎಂದು ಇರೊಕ್ವಾ ಜನರು ಕಾಣುತ್ತಾರೆ. ಅವನ್ನು ಪ್ರದರ್ಶಿಸುವುದಾಗಲಿ, ಮಾರುವುದಾಗಲಿ, ಅವುಗಳ ಚಿತ್ರ ಪ್ರಕಟಿಸುವುದಾಗಲಿ ಕೂಡದೆಂದು ಒಕ್ಕೂಟದ ಮಹಾಸಭೆ 1995ರಲ್ಲಿ ಬಹಿರಂಗವಾಗಿಯೇ ತಿಳಿಸಿದೆ. ಹಳೆಯ ಪುಸ್ತಕಗಳಲ್ಲಿ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಸಿಕ್ಕವನ್ನು ಬದಿಗಿಟ್ಟು, ಹಿಮ ಹೊದ್ದ ಉದ್ದಮನೆಯ ರೇಖಾಚಿತ್ರವನ್ನೇ ಹಾಕಿದೆವು.